ಕಡಲು ದಾಟಲು ಕಾಸೆಷ್ಟು?

"ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ" ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕಾರವಾರದಿಂದ ಮಂಗಳೂರಿನವರೆಗೆ 300 ಕಿಲೋಮೀಟರಿಗೂ ಮೀರಿದ ಕರಾವಳಿ ನಮಗುಂಟು. ಚಿಕ್ಕಮಗಳೂರು, ಕೊಡಗುಗಳ ಕಾಫಿಬೀಜ ಪಣಂಬೂರಿನ ಬಂದರಿನಲ್ಲಿ ಹಡಗೇರಿ ಇಟಲಿಯ ಕಡೆಗೆ ಸಾಗುತ್ತದೆ. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಜಲ್ಲಿಕಲ್ಲುಗಳನ್ನು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಆದರೆ ಆ ಕಾಫಿಯನ್ನು ಬೆಳೆದವನಾಗಲಿ ಕೊಯ್ದವಳಾಗಲಿ ಅದೇ ಬಂದರಿನಲ್ಲಿ ಒಂದು ಟಿಕೆಟು ಕೊಂಡು ಅದೇ ಕಡಲನ್ನು ದಾಟುತ್ತೇನೆಂದರೆ ದಾಟುವಂತಿಲ್ಲ. ಬೀಜಕ್ಕೆ ಹಡಗು, ಮನುಷ್ಯನಿಗೆ ವಿಮಾನ, ಇದು ಇಂದಿನ ಕಟ್ಟಳೆ. ಈ ಕಟ್ಟಳೆ ಹೇಗೆ ಬಂತು, ಇದನ್ನು ಮೀರಲು ಸಾಮಾನ್ಯನಾದವನಿಗೆ ಏನಾದರೂ ದಾರಿ ಉಂಟೆ, ಇರಬೇಕೆ, ಎಂಬುದನ್ನು ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದಿಡಲು ಬಯಸುತ್ತೇನೆ.

ನಾನು ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಭೂಗೋಳ ನನ್ನ ಐಚ್ಛಿಕ ವಿಷಯ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ವಿಮಾನವನ್ನೇರಿದವರಲ್ಲ, ಹಡಗನ್ನೇರಿದವರೂ ಅಲ್ಲ. "ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವು ಏಕೆ? ನಿನಗೇಕಪ್ಪ ಈ ಸಮುದ್ರದ ಚಿಂತೆ?" ಎಂದು ಕೇಳುವ ಮಿತ್ರರು ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಕಡಲು ದಾಟುವುದು ಒಂದು ಕಾಲದಲ್ಲಿ ಬಡವನ ಕಥೆಯೇ ಆಗಿತ್ತು. ಅದು ಮಲ್ಲಿಗೆ ಹೂವಾದದ್ದು ಈಚೆಗೆ.

ಹಿಂದಿನ ಲೆಕ್ಕವನ್ನು ಸ್ವಲ್ಪ ನೋಡೋಣ. 1926ರಲ್ಲಿ ಕಟ್ಟಿದ 'ರಾಜುಲಾ' ಎಂಬ ಹಡಗು ಮದರಾಸು, ನಾಗಪಟ್ಟಣಗಳಿಂದ ಪಿನಾಂಗು ಮತ್ತು ಸಿಂಗಪುರಕ್ಕೆ ಹೆಚ್ಚು ಕಡಮೆ ಅರ್ಧ ಶತಮಾನ ಓಡಾಡಿತು. ಅದರಲ್ಲಿ ಮೇಲಿನ ದರ್ಜೆಯವರು ಬೆರಳೆಣಿಕೆಯವರು. ಉಳಿದ ಸಾವಿರಾರು ಮಂದಿ 'ಡೆಕ್ ಪ್ಯಾಸೆಂಜರು'ಗಳು. ಚಾಪೆ, ಟ್ರಂಕು, ಉಪ್ಪಿನಕಾಯಿಯ ಭರಣಿಗಳೊಡನೆ ಹಡಗಿನ ಅಟ್ಟದ ಮೇಲೆಯೇ ಮಲಗಿ ಎದ್ದು, ರಬ್ಬರು ತೋಟಗಳ ಕೂಲಿಗೆ ಹೋದವರು, ಅಂಗಡಿ ಇಡಲು ಹೋದವರು, ಹೋದ ಗಂಡನನ್ನು ಹುಡುಕಿಕೊಂಡು ಹೋದವರು. 1973ರಲ್ಲಿ ಅದು ಆ ದಾರಿಯನ್ನು ಬಿಟ್ಟಿತು. ಅದರ ಸ್ಥಾನಕ್ಕೆ ಬಂದ 'ಚಿದಂಬರಂ' ಹಡಗಿಗೆ 1985ರ ಫೆಬ್ರವರಿಯಲ್ಲಿ ನಡುಗಡಲಿನಲ್ಲಿ ಬೆಂಕಿ ಬಿದ್ದು ಹಲವರು ಮಡಿದರು; ಆ ಸೇವೆಯೂ ಅಲ್ಲಿಗೆ ಮುಗಿಯಿತು. ಮುಂಬಯಿಯಿಂದ ಮೊಂಬಾಸಾಕ್ಕೆ ಹೋಗುತ್ತಿದ್ದ ಹಡಗುಗಳು 1970ರ ದಶಕದಲ್ಲಿ ನಿಂತವು. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರನ್ನು ಕರೆದೊಯ್ಯುತ್ತಿದ್ದ ಹಡಗುಗಳು 1995ರಲ್ಲಿ ನಿಂತವು. ಹೀಗೆ ಒಂದೊಂದಾಗಿ ದೀಪಗಳು ಆರಿದವು.

ಆರಿಸಿದವರು ಯಾರು? ಜೆಟ್ ವಿಮಾನ. 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಜೆಟ್ ವಿಮಾನಗಳ ನಿಯತ ಸಂಚಾರ ಮೊದಲಾಯಿತು; 1970ರಲ್ಲಿ ಜಂಬೋ ಜೆಟ್ ಬಂತು. ಐದಾರು ದಿನಗಳ ದಾರಿ ಏಳೆಂಟು ಗಂಟೆಗಿಳಿಯಿತು. ಹಡಗಿನ ಕಂಪನಿಯಾದರೋ ಆ ಐದಾರು ದಿನವೂ ಪ್ರಯಾಣಿಕನಿಗೆ ಊಟ ಹಾಕಬೇಕು, ಹಾಸಿಗೆ ಕೊಡಬೇಕು, ಅವನ ಸೇವೆಗೆ ನೂರಾರು ಆಳುಗಳಿಗೆ ಸಂಬಳ ಕೊಡಬೇಕು. ಸಾಲದ್ದಕ್ಕೆ 1967ರಿಂದ 1975ರವರೆಗೆ ಸೂಯೆಜ್ ಕಾಲುವೆ ಮುಚ್ಚಿತ್ತು, 1973ರಲ್ಲಿ ಎಣ್ಣೆಯ ಬೆಲೆ ನೆಗೆಯಿತು. ಹಡಗು ಸೋತದ್ದರಲ್ಲಿ ಆಶ್ಚರ್ಯವಿಲ್ಲ. ವಿಮಾನವನ್ನು ಹಳಿಯುವುದೂ ನನ್ನ ಉದ್ದೇಶವಲ್ಲ. ದುಬಾಯಿಯಲ್ಲಿ ದುಡಿಯುವ ಮಗ ತಾಯಿಯ ಕೊನೆಗಾಲಕ್ಕೆ ಮರುದಿನವೇ ಊರು ಸೇರುವುದು ಸಾಧ್ಯವಾದದ್ದು ವಿಮಾನದಿಂದ. ಆ ಉಪಕಾರವನ್ನು ಮರೆಯಬಾರದು.

ಇನ್ನು ಇಂದಿನ ಸ್ಥಿತಿ. ಹಡಗಿನಲ್ಲಿ ಸಾಗರವನ್ನು ದಾಟುವ ಬಯಕೆಯುಳ್ಳವನಿಗೆ ಈಗಲೂ ಮುಖ್ಯವಾಗಿ ದಾರಿಗಳಿರುವುದು ಅಟ್ಲಾಂಟಿಕ್ಕಿನಲ್ಲಿ. ಆದುದರಿಂದ ಅಲ್ಲಿನ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ.

ಮೊದಲನೆಯದು, ನಿಯತವಾಗಿ ಓಡಾಡುವ ಹಡಗು. ಹಿಂದೆ ಡಜನುಗಟ್ಟಲೆ ಇದ್ದವುಗಳಲ್ಲಿ ಈಗ ಉಳಿದಿರುವುದು ಒಂದೇ, 2004ರಲ್ಲಿ ಓಡಾಟ ಮೊದಲು ಮಾಡಿದ 'ಕ್ವೀನ್ ಮೇರಿ 2'. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ 7 ರಾತ್ರಿಯ ಪಯಣ. ಅರಮನೆಯಂಥ ಹಡಗು ಎಂದು ಹೆದರಬೇಕಾಗಿಲ್ಲ. ಕಿಟಕಿಯಿಲ್ಲದ ಒಳಕೋಣೆಯನ್ನು ಇಬ್ಬರು ಹಂಚಿಕೊಂಡರೆ ಕೆಲವು ಋತುಗಳಲ್ಲಿ ತಲೆಗೆ ಸಾವಿರ ಡಾಲರಿನ ಆಚೀಚೆ ಆಗುತ್ತದೆ, ಅದರಲ್ಲಿ ಏಳು ದಿನದ ಊಟವೂ ಸೇರಿತು. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ದಿನಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ದಿನಕ್ಕೆ 25 ಗಂಟೆ ಸಿಗುತ್ತದೆ. ರೇಖಾಂಶದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ತರಗತಿ ಬೇರೊಂದಿಲ್ಲ.

ಎರಡನೆಯದು, ವಲಸೆ ಹೋಗುವ ವಿಹಾರ ಹಡಗು. ಬೇಸಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಶ್ರೀಮಂತರನ್ನು ತಿರುಗಾಡಿಸುವ ಹಡಗುಗಳು ಚಳಿಗಾಲಕ್ಕೆ ಕೆರಿಬಿಯನ್ ಸಮುದ್ರಕ್ಕೆ ಹೋಗಲೇಬೇಕು. ಏಪ್ರಿಲ್, ಮೇ ಹೊತ್ತಿಗೆ ತಿರುಗಿ ಬರಲೇಬೇಕು. ನಮ್ಮ ಕುರಿಗಾಹಿಗಳು ಮಳೆಗಾಲಕ್ಕೊಂದು ಸೀಮೆ, ಬೇಸಗೆಗೊಂದು ಸೀಮೆ ಎಂದು ಮಂದೆ ಹೊಡೆದುಕೊಂಡು ಹೋಗುವಂತೆಯೇ ಇದು. ನಡುವೆ ನೋಡತಕ್ಕ ಊರುಗಳು ಕಡಮೆಯಾದ್ದರಿಂದ ವಿಹಾರಿಗಳಿಗೆ ಬೇಡ. ಬರಿದಾಗಿ ಹೋಗುವುದಕ್ಕಿಂತ ಸಿಕ್ಕಷ್ಟು ಬರಲಿ ಎಂದು ಕಂಪನಿ ಬೆಲೆಯನ್ನು ಇಳಿಸುತ್ತದೆ. ಇಬ್ಬರು ಹಂಚಿಕೊಂಡ ಕೋಣೆಯಲ್ಲಿ ದಿನವೊಂದಕ್ಕೆ ತಲೆಗೆ 50ರಿಂದ 100 ಡಾಲರು ಎಂದಿಟ್ಟುಕೊಂಡರೆ 14 ದಿನಗಳಿಗೆ 700ರಿಂದ 1,400 ಡಾಲರು. ಇದರ ಮೇಲೆ ಬಂದರು ತೆರಿಗೆ ಉಂಟು. ಆಳುಗಳ ಬಕ್ಷೀಸೆಂದು ದಿನಕ್ಕೆ 15, 20 ಡಾಲರು ಬೇರೆ ಉಂಟು. ಒಬ್ಬನೇ ಹೋದರೆ ಕೆಲವೊಮ್ಮೆ ಎರಡಾಳಿನ ಹಣವನ್ನೂ ಒಬ್ಬನೇ ತೆರಬೇಕು. ಜಾಹೀರಾತಿನ ಅಂಕಿಯನ್ನು ನಂಬಿ ಹೊರಟವನು ಕೊನೆಯ ಬಿಲ್ಲನ್ನು ನೋಡಿ ಬೆವರುವುದು ಇಲ್ಲಿಯೇ.

ಮೂರನೆಯದು, ಸರಕಿನ ಹಡಗು. ನನಗೆ ಬಹು ಪ್ರಿಯವಾದ ದಾರಿ ಇದು. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತರೆ ಅದು ಪ್ರಯಾಣಿಕರ ಹಡಗು ಎಂಬುದು ಅಂತರರಾಷ್ಟ್ರೀಯ ನಿಯಮ. ಆಗ ಅದಕ್ಕೆ ಬೇರೆಯೇ ಕಟ್ಟುಪಾಡುಗಳು. ಆದ್ದರಿಂದ ಸರಕಿನ ಹಡಗಿನಲ್ಲಿ ಹನ್ನೆರಡು ಮಂದಿಯೇ ಮಿತಿ. ಅಧಿಕಾರಿಗಳ ಮೇಜಿನಲ್ಲಿ ಊಟ, ಒಂದು ಸ್ವಚ್ಛವಾದ ಕೋಣೆ, ಸುತ್ತ ಸಾವಿರಾರು ಕಬ್ಬಿಣದ ಪೆಟ್ಟಿಗೆಗಳು. ದಿನಕ್ಕೆ ಸುಮಾರು 100 ಯೂರೋ ಇತ್ತು. ಹತ್ತು ಹನ್ನೆರಡು ದಿನಕ್ಕೆ ಸಾವಿರದಿಂದ ಸಾವಿರದ ಇನ್ನೂರು. ಹೊರಡುವ ದಿನ ಮಾತ್ರ ಸರಕಿನ ಇಷ್ಟ, ಪ್ರಯಾಣಿಕನ ಇಷ್ಟವಲ್ಲ. ವೈದ್ಯರಿಲ್ಲದ ಕಾರಣ ಆರೋಗ್ಯದ ಪ್ರಮಾಣಪತ್ರ ಬೇಕು, ತೀರ ವಯಸ್ಸಾದವರಿಗೆ ಪ್ರವೇಶವಿಲ್ಲ. ಆದರೆ 2020ರ ಮಹಾಮಾರಿಯಲ್ಲಿ ಕಂಪನಿಗಳು ಹೊರಗಿನವರಿಗೆ ಬಾಗಿಲು ಮುಚ್ಚಿದವು. ಬಳಿಕ ಅದನ್ನು ತೆರೆದವು ಕೆಲವೇ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಅನೇಕ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ಹೋಗತೊಡಗಿದವು. ಸರಕಿಗೆ ತಡವಾದರೆ ನಷ್ಟ ಹಣದ್ದು. ರಜೆ ಎಣಿಸಿಕೊಂಡು ಹೊರಟ ಮನುಷ್ಯನಿಗೆ ತಡವಾದರೆ ನೌಕರಿಯೇ ಹೋದೀತು.

ನಾಲ್ಕನೆಯದು, ಹಾಯಿದೋಣಿ. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್ ಎಂಬ ಬಂದರಿನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪಕ್ಕೆ 1990ರಿಂದ ಪ್ರತಿ ವರ್ಷ ಚಳಿಗಾಲದ ಮೊದಲಿಗೆ ದೋಣಿಗಳ ದಂಡು ಹೊರಡುತ್ತದೆ. ಸುಮಾರು 2,700 ನಾಟಿಕಲ್ ಮೈಲಿ, ಎರಡೂವರೆ ಮೂರು ವಾರ. ವಾಣಿಜ್ಯ ಮಾರುತವೆಂದು ನಾವು ಪುಸ್ತಕದಲ್ಲಿ ಬಾಯಿಪಾಠ ಮಾಡುವ ಗಾಳಿ ಅಲ್ಲಿ ಪುಕ್ಕಟೆಯಾಗಿ ದೋಣಿಯನ್ನು ನೂಕುತ್ತದೆ. 1492ರಲ್ಲಿ ಕೊಲಂಬಸನೂ ಅದೇ ದ್ವೀಪಗಳಿಂದಲೇ ಪಡುವಣಕ್ಕೆ ತಿರುಗಿದನು. ರಾತ್ರಿ ಕಾವಲಿಗೆ, ಅಡುಗೆಗೆ ಆಳು ಬೇಕಾದ ಯಜಮಾನರು ಊಟದ ಖರ್ಚನ್ನಷ್ಟೆ ಪಡೆದು ಕರೆದುಕೊಂಡು ಹೋಗುವುದುಂಟು. ಬೆಲೆಯಲ್ಲಿ ಇದಕ್ಕೆ ಸಮವಿಲ್ಲ. ಆದರೆ ಪರಿಚಯವಿಲ್ಲದವರೊಡನೆ ನಡುನೀರಿನಲ್ಲಿ ಮೂರು ವಾರ ಇರುವುದೆಂದರೆ ಆಟವಲ್ಲ, ಹೆಣ್ಣುಮಕ್ಕಳಿಗಂತೂ ನೂರು ಸಲ ಯೋಚಿಸತಕ್ಕ ಮಾತು.

ಈ ನಾಲ್ಕನ್ನೂ ವಿಮಾನದ ಪಕ್ಕದಲ್ಲಿಟ್ಟು ನೋಡೋಣ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದ ಟಿಕೆಟು ಹೊತ್ತು ನೋಡಿ ಕೊಂಡರೆ 300, 400 ಡಾಲರಿಗೆ ಸಿಗುತ್ತದೆ. ಹಾಗಾದರೆ ಹಡಗು ಅಗ್ಗ ಎನ್ನುವುದು ಸುಳ್ಳು. ಆದರೆ ವಿಮಾನದಲ್ಲಿ ಹೋದವನು ಇಳಿದ ಮರುಗಳಿಗೆಯಿಂದ ಊಟಕ್ಕೂ ಕೋಣೆಗೂ ಹಣ ಚೆಲ್ಲಬೇಕು. ಹಡಗಿನವನಿಗೆ ಅಷ್ಟು ದಿನದ ಅನ್ನವೂ ಹಾಸಿಗೆಯೂ ಟಿಕೆಟಿನಲ್ಲೇ ಅಡಕ. ಆ ದೃಷ್ಟಿಯಿಂದ ಹಡಗು ದುಬಾರಿ ಎನ್ನುವುದೂ ಸುಳ್ಳು. ಹಡಗಿನವನು ನಿಜವಾಗಿ ತೆರುವ ಬೆಲೆ ದಿನಗಳದು. ಹದಿನೈದು ದಿನ ಸಂಬಳವಿಲ್ಲದೆ ಇರಬಲ್ಲವನು ಯಾರು? ನಿವೃತ್ತ ಧನಿಕ. ಇಲ್ಲವೇ ಇನ್ನೂ ಸಂಬಳದ ನೊಗಕ್ಕೆ ಕತ್ತು ಕೊಡದ ವಿದ್ಯಾರ್ಥಿ. ಇವರಲ್ಲಿ ಒಬ್ಬನ ಬಳಿ ಹಣವಿದೆ, ಇನ್ನೊಬ್ಬನ ಬಳಿ ಇಲ್ಲ. ಇಂದಿನ ಹಡಗುಗಳೆಲ್ಲ ಮೊದಲನೆಯವನಿಗಾಗಿ ಕಟ್ಟಿದವು.

ಇನ್ನೊಂದು ಗೋಡೆಯನ್ನೂ ಹೇಳಬೇಕು. ಈ ದಾರಿಗಳನ್ನು ಕೊಂಡಾಡಿ ಬರೆಯುವವರು ಬಹುಮಟ್ಟಿಗೆ ಯುರೋಪು, ಅಮೆರಿಕಗಳವರು. ಅವರ ಪಾಸ್‌ಪೋರ್ಟಿಗೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಭಾರತದ ಪಾಸ್‌ಪೋರ್ಟು ಹಿಡಿದವನು ಹತ್ತುವ ದೇಶಕ್ಕೊಂದು, ಇಳಿಯುವ ದೇಶಕ್ಕೊಂದು, ಕೆಲವೊಮ್ಮೆ ನಡುವೆ ತಂಗುವ ಬಂದರಿಗೂ ಒಂದು ವೀಸಾ ಬೇಡಬೇಕು. ಪ್ರತಿಯೊಂದಕ್ಕೂ ಶುಲ್ಕ, ಬ್ಯಾಂಕಿನ ಲೆಕ್ಕ, ಸಂದರ್ಶನ. ಕಡಲಿನಲ್ಲಿ ಗಡಿಗೆರೆ ಕಾಣದಿದ್ದರೂ ದಡದಲ್ಲಿ ಅದು ಕಬ್ಬಿಣದ ಬೇಲಿಯಾಗಿ ನಿಂತಿರುತ್ತದೆ.

ಹಡಗಿನಲ್ಲಿ ದುಡಿದುಕೊಂಡೇ ಹೋಗಬಾರದೆ ಎಂದು ಕೆಲವರು ಕೇಳುತ್ತಾರೆ. ಅಟ್ಟ ತೊಳೆದು, ಪಾತ್ರೆ ಬೆಳಗಿ ಕಡಲು ದಾಟಿದ ಹುಡುಗರ ಕಥೆಗಳನ್ನು ನಾವೆಲ್ಲ ಓದಿದ್ದೇವೆ. ಆ ಕಾಲ ಹೋಯಿತು. ನಾವಿಕರ ತರಬೇತಿಯನ್ನು ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದದ ಮೇರೆಗೆ ತರಬೇತಿಯ ಪ್ರಮಾಣಪತ್ರವಿಲ್ಲದವನು ನಾವಿಕನಾಗಿ ಹಡಗಿಗೆ ಕಾಲಿಡುವಂತಿಲ್ಲ. ಈ ಸಂಗತಿ ತಿಳಿಯದಿರುವುದರಿಂದ ಆಗುವ ಅನರ್ಥವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಹಡಗಿನ ಕೆಲಸ ಕೊಡಿಸುತ್ತೇನೆಂದ ದಲ್ಲಾಳಿಯೊಬ್ಬನ ಮಾತು ನಂಬಿದ. ತಂದೆ ಇದ್ದ ಒಂದೂವರೆ ಎಕರೆಯನ್ನು ಅಡವಿಟ್ಟರು. ಹುಡುಗ ಮುಂಬಯಿಯ ಒಂದು ವಸತಿಗೃಹದಲ್ಲಿ ನಲವತ್ತು ದಿನ ಕಾದು, ಒಂದೂ ಹಡಗಿನ ಮುಖ ನೋಡದೆ, ಸುಳ್ಳು ಮೊಹರಿನ ಒಂದು ಕಾಗದ ಹಿಡಿದು ತಿರುಗಿ ಬಂದ. ದಲ್ಲಾಳಿಯ ದೂರವಾಣಿ ಅಷ್ಟರಲ್ಲಿ ಮೂಕವಾಗಿತ್ತು. ಈಗ ಅವನು ಗಾರೆ ಕೆಲಸಕ್ಕೆ ಹೋಗುತ್ತಾನೆ. ಜಮೀನು ಇನ್ನೂ ಅಡವಿನಲ್ಲೇ ಇದೆ. 2006ರ ಕಡಲ ಕಾರ್ಮಿಕರ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರಂತೆ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಕೇಳುವುದೇ ತಪ್ಪು. ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರುವವರ ಮೂಲಕವೇ ಹೋಗಬೇಕು. ಇದನ್ನು ಪ್ರತಿಯೊಂದು ಹೈಸ್ಕೂಲಿನ ಗೋಡೆಯ ಮೇಲೂ ಬರೆಸಬೇಕೆಂದು ನನ್ನ ಅಭಿಪ್ರಾಯ. ಕಡಲ ದಾರಿ ತಿಳಿದವನಿಗೆ ಉಳಿತಾಯ, ತಿಳಿಯದವನಿಗೆ ಸಾಲ.

ಹಡಗಿನ ಪರವಾಗಿ ಈಚೆಗೆ ಕೇಳಿಬರುವ ದೊಡ್ಡ ವಾದವೆಂದರೆ ಗಾಳಿ ಕೆಡುವುದಿಲ್ಲ ಎಂಬುದು. 2019ರ ಆಗಸ್ಟಿನಲ್ಲಿ ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ ಎಂಬ ಹುಡುಗಿ ವಿಮಾನವನ್ನು ಒಲ್ಲದೆ ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಹಾಯಿದೋಣಿಯಲ್ಲಿ ಹೋದಳು. ಸುಮಾರು ಎರಡು ವಾರ ಹಿಡಿಯಿತು. ಆ ದೋಣಿಯನ್ನು ತಿರುಗಿ ತರುವ ನಾವಿಕರು ವಿಮಾನದಲ್ಲಿ ಹೋಗುತ್ತಾರೆಂದು ಜನ ಆಡಿಕೊಂಡರು. ಹುಡುಗಿಯ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ಹಡಗೆಂದರೆ ಪುಣ್ಯ, ವಿಮಾನವೆಂದರೆ ಪಾಪ ಎಂಬ ಸರಳ ಸೂತ್ರವನ್ನು ಒಪ್ಪಲಾರೆ. ಈಜುಕೊಳ, ನಾಟಕಶಾಲೆ, ಹತ್ತು ಹೋಟೆಲುಗಳನ್ನು ಬೆನ್ನ ಮೇಲೆ ಹೊತ್ತು ಸಾಗುವ ವಿಹಾರ ಹಡಗು ಆಳಿನ ಲೆಕ್ಕದಲ್ಲಿ, ಮೈಲಿಯ ಲೆಕ್ಕದಲ್ಲಿ ವಿಮಾನಕ್ಕಿಂತ ಹೆಚ್ಚು ಹೊಗೆಯುಗುಳುತ್ತದೆ. ಸರಕಿನ ಹಡಗಿನ ಮಾತು ಬೇರೆ: ಪ್ರಪಂಚದ ವ್ಯಾಪಾರದ ಸರಕಿನಲ್ಲಿ ತೂಕದ ಲೆಕ್ಕದಿಂದ ನೂರಕ್ಕೆ 80 ಪಾಲಿಗೂ ಹೆಚ್ಚು ಕಡಲ ಮೇಲೆಯೇ ಹೋಗುತ್ತದೆ. ಹೇಗೂ ಹೋಗುವ ಗಾಡಿಯಲ್ಲಿ ಹನ್ನೆರಡು ಮಂದಿ ಕೂತರೆ ಎತ್ತಿಗೇನೂ ಭಾರವಲ್ಲ.

ಹಾಗಾದರೆ ಹಡಗಿನ ಲಾಭವೇನು? ಬಿಡುವು. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ ಹಡಗಿನಲ್ಲಿ ಗಾಂಧೀಜಿ ಹತ್ತೇ ದಿನಗಳಲ್ಲಿ 'ಹಿಂದ್ ಸ್ವರಾಜ್' ಬರೆದರು; ಬಲಗೈ ಸೋತಾಗ ಎಡಗೈಯಲ್ಲಿ ಬರೆದರಂತೆ. 1921ರಲ್ಲಿ ಹಡಗಿನ ಅಟ್ಟದ ಮೇಲೆ ನಿಂತು ಮೆಡಿಟರೇನಿಯನ್ನಿನ ನೀಲಿಯನ್ನು ನೋಡಿದ ಸಿ. ವಿ. ರಾಮನ್, ಈ ನೀಲಿ ಎಲ್ಲಿಂದ ಬಂತೆಂದು ಯೋಚಿಸತೊಡಗಿ 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. ಮುಂದೆ ಬೆಂಗಳೂರಿನವರೇ ಆದರು. 1930ರಲ್ಲಿ ಅವರ ಅಣ್ಣನ ಮಗ, ಹತ್ತೊಂಬತ್ತರ ಚಂದ್ರಶೇಖರ್, ಮುಂಬಯಿಯಿಂದ ಹೊರಟ ಹಡಗಿನಲ್ಲಿಯೇ ನಕ್ಷತ್ರಗಳ ಅಂತ್ಯವನ್ನು ಕುರಿತ ಲೆಕ್ಕವನ್ನು ಮಾಡಿದರು. ನಮ್ಮ ವಿ. ಕೃ. ಗೋಕಾಕರ 'ಸಮುದ್ರಗೀತೆಗಳು' ಸಂಕಲನದ ಹಿಂದೆಯೂ ಕಡಲ ಪಯಣವುಂಟು. ಹಡಗೇರಿದವರೆಲ್ಲ ಮಹಾನುಭಾವರಾಗುತ್ತಾರೆಂದು ನಾನು ಹೇಳುತ್ತಿಲ್ಲ. 'ರಾಜುಲಾ'ದ ಅಟ್ಟದ ಮೇಲೆ ವಾಂತಿ ಮಾಡಿಕೊಳ್ಳುತ್ತ ಮಲಗಿದ್ದ ಕೂಲಿಯವನಿಗೆ ನಕ್ಷತ್ರಗಳ ಲೆಕ್ಕ ಹೊಳೆಯಲಿಲ್ಲ. ಆದರೂ ಅವನಿಗೊಂದು ಸಂಗತಿ ತಿಳಿದಿತ್ತು: ತಾನು ಬಿಟ್ಟ ಊರು ಎಷ್ಟು ದೂರ ಎಂಬುದು. ರಾತ್ರಿ ವಿಮಾನದಲ್ಲಿ ನಿದ್ದೆಹೋಗಿ ಬೆಳಗ್ಗೆ ಇನ್ನೊಂದು ಖಂಡದಲ್ಲಿ ಕಣ್ಣುಬಿಡುವವನಿಗೆ ಭೂಮಿಯ ದೊಡ್ಡತನ ತಿಳಿಯುವುದೇ ಇಲ್ಲ.

ಟೀಕೆ ಮಾಡಿ ಸುಮ್ಮನಾಗುವುದು ಸುಲಭ; ಏನು ಮಾಡಬೇಕೆಂದು ಹೇಳುವುದು ಕಷ್ಟ. ನನಗೆ ತೋರುವುದು ಇಷ್ಟು.

ಅಗ್ಗದ ಕಡಲ ಸೇವೆ ಅಸಾಧ್ಯವೆನ್ನುವವರು ಚೆನ್ನೈ ಬಂದರಿಗೆ ಹೋಗಿ ನೋಡಬೇಕು. ಅಲ್ಲಿಂದಲೂ, ಕೊಲ್ಕತ್ತ, ವಿಶಾಖಪಟ್ಟಣಗಳಿಂದಲೂ ಅಂಡಮಾನಿಗೆ ಸರ್ಕಾರದ ಹಡಗುಗಳು ಇಂದಿಗೂ ಹೋಗುತ್ತವೆ. ಚೆನ್ನೈಯಿಂದ ಸುಮಾರು 1,200 ಕಿಲೋಮೀಟರು, ಎರಡೂವರೆ ಮೂರು ದಿನ. 'ಬಂಕ್' ದರ್ಜೆಯಲ್ಲಿ ಸಾಲಾಗಿ ಹಾಸಿಗೆಗಳು. ಬೆಲೆ ಬಡವನ ಕೈಗೆಟುಕುವಂಥದ್ದು. ದ್ವೀಪದವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಅದರಲ್ಲಿಯೇ ಬಂದು ಹೋಗುತ್ತಾರೆ. ವೇಳೆ ಏರುಪೇರಾಗುತ್ತದೆ, ಶೌಚಾಲಯಗಳ ಮಾತು ಎತ್ತದಿರುವುದು ಲೇಸು. ಆದರೂ ಹಡಗು ಓಡುತ್ತದೆ. ಅದು ಓಡುವುದು ಲಾಭಕ್ಕಲ್ಲ, ಜನಕ್ಕೆ ಬೇಕು ಎಂಬ ಕಾರಣಕ್ಕೆ. ನಾಗಪಟ್ಟಣದಿಂದ ಶ್ರೀಲಂಕೆಯ ಕಾಂಕೇಶನ್‌ತುರೈಗೆ 2023ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಹಡಗು ಮರಳಿ ಆರಂಭವಾಯಿತು. ನಡುವೆ ನಿಂತು 2024ರಲ್ಲಿ ಮತ್ತೆ ಹೊರಟಿತು. ಮನಸ್ಸಿದ್ದರೆ ಆರಿದ ದೀಪವನ್ನು ಹಚ್ಚಬಹುದು ಎಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಎರಡು ಸೂಚನೆಗಳು. ಒಂದು: ನಮ್ಮ ದೇಶದ ಸರಕಿನ ಹಡಗುಗಳು ಹೊರದೇಶಕ್ಕೆ ಹೋಗುವಾಗ ಆ ಹನ್ನೆರಡರಲ್ಲಿ ಒಂದೆರಡು ಸ್ಥಾನಗಳನ್ನಾದರೂ ವಿದ್ಯಾರ್ಥಿಗಳಿಗೆ ಊಟದ ಖರ್ಚಿನ ಬೆಲೆಗೆ ಕೊಡಲಿ. ರೈಲಿನಲ್ಲಿ ರಿಯಾಯಿತಿ ಕೊಡುವ ದೇಶಕ್ಕೆ ಇದು ಹೊಸ ಮಾತಲ್ಲ. ಎರಡು: ಮುಂಬಯಿಯಿಂದಲೋ ಕೊಚ್ಚಿಯಿಂದಲೋ ಪಡುವಣ ದೇಶಗಳಿಗೆ, ಅಂಡಮಾನಿನ ಹಡಗಿನ ಮಾದರಿಯಲ್ಲಿ, ಈಜುಕೊಳವಿಲ್ಲದ, ನಾಟಕಶಾಲೆಯಿಲ್ಲದ, ಬರೇ ಹಾಸಿಗೆ ಮತ್ತು ಅನ್ನವಿರುವ ಒಂದು ಹಡಗು ವರ್ಷಕ್ಕೆ ನಾಲ್ಕು ಸಲವಾದರೂ ಹೊರಡಲಿ. ಕೊಲ್ಲಿಯಲ್ಲಿ ದುಡಿಯುವ ನಮ್ಮ ಕೂಲಿಗಾರರು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಗಂಟುಮೂಟೆಯ ತೂಕಕ್ಕೆ ದಂಡ ತೆರುವುದಾದರೂ ತಪ್ಪೀತು. ನಷ್ಟವಾದೀತು ಎನ್ನುವಿರಾ? ಆದೀತು. ಹಳ್ಳಿಗೆ ಬಸ್ಸು ಬಿಟ್ಟಾಗಲೂ ನಷ್ಟವಾಗುತ್ತದೆ. ಅದನ್ನು ನಾವು ನಷ್ಟವೆಂದು ಕರೆಯುವುದಿಲ್ಲ.

ಅಲ್ಲಿಯವರೆಗೆ ನನ್ನ ಸಹಪಾಠಿಗಳಿಗೆ ಒಂದು ಬಿನ್ನಹ. ಮುಂದಿನ ವರ್ಷದ ಕಾಲೇಜಿನ ಪ್ರವಾಸಕ್ಕೆ ಎಂದಿನಂತೆ ಅದೇ ಊಟಿ, ಅದೇ ಮೈಸೂರು ಎನ್ನುವ ಬದಲು ಅಂಡಮಾನಿನ ಹಡಗಿನ 'ಬಂಕ್' ದರ್ಜೆಯ ದರಪಟ್ಟಿಯನ್ನು ತರಿಸಿ ನೋಡೋಣ. ಪ್ರಾಂಶುಪಾಲರ ಒಪ್ಪಿಗೆ ಕೇಳೋಣ. ಅರ್ಜಿಯ ಕರಡನ್ನು ನಾನು ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಗ್ರಂಥಾಲಯದ ಕಡೆ ಬರಬಹುದು.